ಚೂರು ಬಟ್ಟೆಯ ಪುಟಗುರುತು

ಈಗ ನೀವು ಓದುತ್ತಿರುವ ಪುಸ್ತಕವನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಎಲ್ಲಿಯವರೆಗೆ ಓದಿದ್ದೀರಿ ಅನ್ನೋದಕ್ಕೆ ಗುರುತಾಗಿ ಅದರೊಳಗೆ ಏನಿಟ್ಟಿದ್ದೀರಿ? ಬಸ್ ಟಿಕೆಟ್ಟೇ? ಕರೆಂಟ್ ಬಿಲ್ಲೇ? ಹೋದ ತಿಂಗಳು ಬಂದ ಲಗ್ನಪತ್ರಿಕೆಯ ಹರಿದ ಅರ್ಧವೇ? ಅಥವಾ ತಲೆಯಿಂದ ಕಿತ್ತ ಹೇರ್‌ಪಿನ್ನೇ? ಸಂಕೋಚ ಬೇಡ. ನಮ್ಮ ಬೀದಿಯ ನಾಲ್ಕಾರು ಮನೆಗಳಲ್ಲಿ ನಾನು ವಿಚಾರಿಸಿದ್ದೇನೆ. ಒಬ್ಬರ ಪುಸ್ತಕದಲ್ಲಿ ಬಾಚಣಿಗೆ ಇತ್ತು. ಇನ್ನೊಬ್ಬರ ಪುಸ್ತಕದಲ್ಲಿ ಹತ್ತು ರೂಪಾಯಿಯ ನೋಟು ಇತ್ತು. ನೋಟು ಇಟ್ಟವರು ಮಾತ್ರ ತಾವು ಓದಿ ನಿಲ್ಲಿಸಿದ್ದು ಯಾವ ಪುಟ ಎಂಬುದನ್ನು ಎಂದೂ ಮರೆಯುವುದಿಲ್ಲವಂತೆ!

ಚಿಕ್ಕವರಿದ್ದಾಗ ಈ ವಿಷಯದಲ್ಲಿ ನಾವು ಹೆಚ್ಚು ರಸಿಕರಾಗಿದ್ದೆವು. ಪುಸ್ತಕದೊಳಗೆ ನವಿಲುಗರಿ ಇಡುತ್ತಿದ್ದೆವು. ಅದು ಮರಿ ಹಾಕುತ್ತದೆ ಎಂದು ನಂಬಿ ಅದಕ್ಕೆ ಪೆನ್ಸಿಲ್ ಹೊಟ್ಟಿನ ಊಟವನ್ನೂ ಬಡಿಸುತ್ತಿದ್ದೆವು. ಅರಳಿ ಎಲೆಯನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿ, ಹಸಿರೆಲ್ಲ ಕೊಳೆತು ಹೋಗಿ ಬಲೆಯಂಥ ನರಗಳು ಮಾತ್ರ ಉಳಿದಾಗ ಒಣಗಿಸಿ ಇಡುತ್ತಿದ್ದೆವು. ನಮಗಿಂತ ಬಹಳ ಹಿಂದಿನವರ ಓಲೆಗರಿಯ ಕಟ್ಟುಗಳಲ್ಲಿ ಗರಿಗೆ ತೂತು ಮಾಡಿ ದಾರ ಪೋಣಿಸಿರುತ್ತಿದ್ದರು. ಓದಿದ ಗರಿ ಒಂದು ಕಡೆ, ಓದಬೇಕಾದ ಗರಿ ಇನ್ನೊಂದು ಕಡೆ. ಮದುವೆಯಾಗಿ, ಮಕ್ಕಳಾಗಿ, ಸಂಸಾರಕ್ಕೆ ಬಿದ್ದ ಮೇಲೆ ನಮ್ಮ ರಸಿಕತೆ ಕರೆಂಟ್ ಬಿಲ್ಲಿಗೆ ಇಳಿಯಿತು, ಅಷ್ಟೆ.

ಕೈಗೆ ಸಿಕ್ಕಿದ್ದನ್ನು ಪುಸ್ತಕದಲ್ಲಿ ತುರುಕಿದರೆ ಹಾಳಾಗುವುದು ಪುಸ್ತಕವೇ. ಹೇರ್‌ಪಿನ್ನು ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ಪುಟದ ಮೇಲೆ ಕೆಂಪು ಗೀರು ಬಿಡುತ್ತದೆ. ನ್ಯೂಸ್‌ಪೇಪರಿನ ಚೂರು ದಿನ ಕಳೆದಂತೆ ತಾನೂ ಹಳದಿಯಾಗಿ, ಪಕ್ಕದ ಪುಟಕ್ಕೂ ಕಂದು ಬಣ್ಣ ಹಿಡಿಸುತ್ತದೆ. ಹೂವಿಟ್ಟರೆ ಅದರ ರಸ ಕಲೆಯಾಗುತ್ತದೆ. ಪುಟದ ಮೂಲೆ ಮಡಚಿದರೆ ಹತ್ತು ಸಲಕ್ಕೆ ಮೂಲೆಯೇ ಮುರಿದು ಬೀಳುತ್ತದೆ. ಪುಸ್ತಕವನ್ನು ಬೋರಲು ಹಾಕಿ ಎದ್ದು ಹೋದರೆ ಅದರ ಬೆನ್ನು ಬಿರಿಯುತ್ತದೆ. ತೆರೆದಿಟ್ಟು ಹೋಗೋಣವೆಂದರೆ, ತೆರೆದಿಟ್ಟ ಪುಸ್ತಕದಿಂದ ವಿದ್ಯೆ ಹಾರಿಹೋಗುತ್ತದೆ ಎಂದು ಹಿರಿಯರು ಬಂದು ಮುಚ್ಚಿಬಿಡುತ್ತಾರೆ. ವಿದ್ಯೆ ಉಳಿಯುತ್ತದೋ ಇಲ್ಲವೋ, ನಾವು ಓದಿದ ಪುಟ ಮಾತ್ರ ಹಾರಿಹೋಗುತ್ತದೆ.

ಹಾಗೆ ನೋಡಿದರೆ ಪುಟಗುರುತು ಅಗತ್ಯವಾಗಿ ಬೇಕಾದವರು ಗೃಹಿಣಿಯರಾದ ನಾವೇ. ಯಾಕಂತೀರಾ? ಕುರ್ಚಿಯ ಮೇಲೆ ಕಾಲು ಚಾಚಿ, ಪಕ್ಕದಲ್ಲಿ ಕಾಫಿ ಇಟ್ಟುಕೊಂಡು, ಒಂದೇ ಉಸಿರಿಗೆ ನಲವತ್ತು ಪುಟ ಓದುವ ಭಾಗ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ? ನಮ್ಮದು ಕುಕ್ಕರಿನ ಮೊದಲ ಕೂಗಿಗೂ ಮೂರನೆಯ ಕೂಗಿಗೂ ನಡುವಿನ ಓದು. ಹಾಲು ಉಕ್ಕುವವರೆಗಿನ ಓದು. ಮಧ್ಯಾಹ್ನ ಊಟದ ಪಾತ್ರೆ ಎತ್ತಿಟ್ಟ ಮೇಲೆ, ನಲ್ಲಿಯಲ್ಲಿ ನೀರು ಬರುವ ಮುಂಚಿನ ಅರ್ಧ ಗಂಟೆಯ ಓದು. ಕಥೆಯಲ್ಲಿ ನಾಯಕಿ ಕಾಗದ ಒಡೆದು ಓದುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಸೊಪ್ಪಿನವಳು ಕೂಗುತ್ತಾಳೆ. ನಾವು ಚೂರು ಚೂರಾಗಿ ಓದುವವರು. ಆ ಚೂರುಗಳನ್ನೆಲ್ಲ ಜೋಡಿಸಿ ಒಂದು ಕಾದಂಬರಿ ಮಾಡಿಕೊಡುವುದು ಈ ಪುಟಗುರುತು. ಅದಿಲ್ಲದಿದ್ದರೆ ಪ್ರತಿ ಸಲವೂ ನಾಲ್ಕು ಪುಟ ಹಿಂದಕ್ಕೆ ಹೋಗಬೇಕು. ಸಿಕ್ಕಿದ ಸಮಯವೆಲ್ಲ ಹುಡುಕುವುದರಲ್ಲೇ ಮುಗಿಯುತ್ತದೆ, ಆಮೇಲೆ ಓದೇ ಬೇಸರವಾಗುತ್ತದೆ. ಎಷ್ಟೋ ಹೆಣ್ಣುಮಕ್ಕಳು ಓದು ಬಿಟ್ಟದ್ದು ಹೀಗೇ ಎಂದು ನನ್ನ ಅನುಮಾನ.

ಸರಿ, ಚೂರು ಚೂರಾದ ಓದಿಗೆ ಚೂರು ಬಟ್ಟೆಯ ಗುರುತು ಮಾಡೋಣ. ಹೊಲಿಗೆ ಬಲ್ಲ ಯಾರ ಮನೆಯಲ್ಲೇ ಆಗಲಿ, ಒಂದು ಚೀಲವೋ ಹಳೆಯ ದಿಂಬಿನ ಕವರೋ ಇರುತ್ತದೆ. ಅದರ ತುಂಬ ತುಂಡುಬಟ್ಟೆ. ರವಿಕೆ ಕತ್ತರಿಸಿ ಉಳಿದದ್ದು, ಮಗುವಿನ ಲಂಗದ ಅಂಚು, ಕರ್ಟನ್ನಿನ ಚೂರು, ಫಾಲ್ಸಿನ ತುದಿ. ಬಿಸಾಡಲು ಮನಸ್ಸಿಲ್ಲ, ಉಪಯೋಗವೂ ಇಲ್ಲ. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಕಿ ಕೌದಿ ಹೊಲಿಯುತ್ತಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನಾಂಗದ ಹೆಂಗಸರು ಬಣ್ಣಬಣ್ಣದ ಚೂರುಗಳನ್ನು ಜೋಡಿಸಿ ಹೊಲಿಯುವ ಕೌದಿಗಳಿಗಂತೂ ದೂರದೂರಿನವರೂ ಮನಸೋತಿದ್ದಾರೆ. ಆದರೆ ಕೌದಿಗೆ ತಿಂಗಳುಗಟ್ಟಲೆ ಸಮಯ ಬೇಕು, ಹರಡಿಕೊಳ್ಳಲು ಜಾಗ ಬೇಕು. ಪುಟಗುರುತಿಗೆ ಬೇಕಾದದ್ದು ಕೌದಿಗೂ ಸಾಲದಷ್ಟು ಸಣ್ಣ ಚೂರು, ಮತ್ತು ಒಂದು ಮಧ್ಯಾಹ್ನ.

ಬಟ್ಟೆ ಆರಿಸುವುದು

ಗಟ್ಟಿ ನೇಯ್ಗೆಯ ಹತ್ತಿ ಬಟ್ಟೆ ಎಲ್ಲಕ್ಕಿಂತ ಒಳ್ಳೆಯದು. ಕೈಮಗ್ಗದ ಸೀರೆಯ ಅಂಚು, ಗುಳೇದಗುಡ್ಡದ ಖಣ, ಇಳಕಲ್ ಸೀರೆಯ ಕೆಂಪು ಬಿಳಿ ಸೆರಗು ಇವೆಲ್ಲ ಪುಟಗುರುತಿಗೆಂದೇ ನೇಯ್ದ ಹಾಗಿರುತ್ತವೆ. ಖಣದ ಮೇಲಿನ ಬುಟ್ಟಾ ಬಹಳ ಸಣ್ಣದು. ಹಾಗಾಗಿ 1½ ಇಂಚಿನ ಪಟ್ಟಿಯಲ್ಲೂ ಪೂರ್ತಿ ಚಿತ್ತಾರ ಕೂರುತ್ತದೆ. ರೇಷ್ಮೆಯೂ ಆಗಬಹುದು, ಆದರೆ ಕತ್ತರಿಸಿದ ಅಂಚು ಬೇಗ ನೂಲು ಬಿಡುತ್ತದೆ, ಅದಕ್ಕೆ ಕಾಲು ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿ. ನೈಲಾನ್, ಜಾರ್ಜೆಟ್ ಬೇಡ, ಜಾರಿ ಹೋಗುತ್ತವೆ.

ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಳ್ಳುವುದನ್ನು ಮರೆಯಬೇಡಿ. ಚೂರನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ. ಬಿಳಿಯ ಮೇಲೆ ಬಣ್ಣ ಹತ್ತಿದರೆ ಆ ಚೂರು ಪುಸ್ತಕಕ್ಕೆ ತಕ್ಕದ್ದಲ್ಲ. ಅದು ಕೌದಿಗೇ ಹೋಗಲಿ.

ಬೇಕಾಗುವ ಸಾಮಾನು

2 ಇಂಚು ಅಗಲ, 7 ಇಂಚು ಉದ್ದದ ಎರಡು ತುಂಡು ಬಟ್ಟೆ (ಎರಡೂ ಒಂದೇ ಬಣ್ಣದ್ದಾಗಬೇಕೆಂದಿಲ್ಲ). 1¼ ಇಂಚು ಅಗಲ, 6¼ ಇಂಚು ಉದ್ದದ ತೆಳು ಬಕ್ರಂ. ಟೈಲರುಗಳು ಕಾಲರಿಗೆ ಹಾಕುವ, ಒಂದು ಬದಿ ಅಂಟು ಇರುವ ಬಕ್ರಂ ಆದರೆ ಸುಲಭ. ಸೂಜಿ, ದಾರ, ಕತ್ತರಿ, ಕುಚ್ಚಿಗೆ ಸ್ವಲ್ಪ ರೇಷ್ಮೆ ದಾರ. ಸೀರೆಗೆ ಕುಚ್ಚು ಹಾಕುವವರ ಹತ್ತಿರ ಉಳಿಕೆ ದಾರ ಕೇಳಿದರೆ ಬಣ್ಣ ಬಣ್ಣದ್ದು ಸಿಗುತ್ತದೆ.

ಹೊಲಿಯುವ ವಿಧಾನ

ಮೊದಲು ಕುಚ್ಚು ಮಾಡಿಟ್ಟುಕೊಳ್ಳಿ. 2 ಇಂಚಿನ ರಟ್ಟಿಗೆ ರೇಷ್ಮೆ ದಾರವನ್ನು ಇಪ್ಪತ್ತೈದು ಮೂವತ್ತು ಸುತ್ತು ಸುತ್ತಿ. ಮೇಲ್ತುದಿಯಲ್ಲಿ ಬೇರೊಂದು ದಾರ ತೂರಿಸಿ ಬಿಗಿಯಾಗಿ ಕಟ್ಟಿ. ಈ ದಾರದ ತುದಿ 3 ಇಂಚು ಉದ್ದ ಇರಲಿ. ರಟ್ಟು ತೆಗೆದು, ಕುತ್ತಿಗೆಯ ಹತ್ತಿರ ಇನ್ನೊಮ್ಮೆ ಸುತ್ತಿ ಕಟ್ಟಿ, ಕೆಳಗಿನ ತುದಿಯನ್ನು ಸಮನಾಗಿ ಕತ್ತರಿಸಿ.

ಒಂದು ತುಂಡಿನ ಹಿಂಬದಿಯಲ್ಲಿ ಸರಿಯಾಗಿ ನಡುವಿಗೆ ಬಕ್ರಂ ಇಟ್ಟು, ಅಂಟಿರುವ ಬದಿ ಬಟ್ಟೆಗೆ ತಾಗುವಂತೆ ಇಸ್ತ್ರಿ ಒತ್ತಿ. ಪೆಟ್ಟಿಗೆಯನ್ನು ಎಳೆಯಬೇಡಿ, ಎತ್ತಿ ಎತ್ತಿ ಇಡಿ. ಈಗ ಎರಡು ತುಂಡುಗಳ ಮುಂಬದಿ ಎದುರುಬದುರಾಗುವಂತೆ ಒಂದರ ಮೇಲೊಂದಿಡಿ. ಕುಚ್ಚು ಒಳಗಡೆ ಇರಲಿ, ಅದರ ದಾರದ ತುದಿ ಮಾತ್ರ ಅಗಲದ ಒಂದು ಬದಿಯ ಮಧ್ಯದಲ್ಲಿ ಹೊರಗಿಣುಕಲಿ. ಸುತ್ತಲೂ ಕಾಲು ಇಂಚು ಒಳಗೆ ಹೊಲಿಯಿರಿ. ಉದ್ದದ ಬದಿಯಲ್ಲಿ 2 ಇಂಚು ಹೊಲಿಯದೆ ಬಿಡಿ, ತಿರುವಿ ಹಾಕಲು ದಾರಿ ಬೇಕಲ್ಲ! ಹೊಲಿಗೆಗೆ ತಾಗದಂತೆ ನಾಲ್ಕು ಮೂಲೆಗಳ ತುದಿ ಕತ್ತರಿಸಿ. ಬಿಟ್ಟ ಜಾಗದಿಂದ ಬಟ್ಟೆಯನ್ನು ಹೊರಮಗುಚಿ, ಮೊಂಡು ಪೆನ್ಸಿಲ್ಲಿನಿಂದ ಮೂಲೆಗಳನ್ನು ಮೆಲ್ಲಗೆ ತಳ್ಳಿ. ಇಸ್ತ್ರಿ ಮಾಡಿ, ಬಾಯನ್ನು ಕೈಹೊಲಿಗೆಯಿಂದ ಮುಚ್ಚಿ, ಅಂಚಿನ ಸುತ್ತ ಒಂದು ಸಾಲು ಸಣ್ಣ ಹೊಲಿಗೆ ಓಡಿಸಿ. 6½ ಇಂಚಿನ ಪುಟಗುರುತು ಸಿದ್ಧ. ನಮ್ಮ ಕಾದಂಬರಿಗಳು ಹೆಚ್ಚಾಗಿ ಸುಮಾರು 8½ ಇಂಚು ಉದ್ದದ ಡೆಮಿ ಅಳತೆಯವು. ಪಟ್ಟಿ ಒಳಗೆ ಕೂತು ಕುಚ್ಚು ಮಾತ್ರ ಹೊರಗೆ ಇಳಿಬೀಳುತ್ತದೆ.

ಮಿಷನ್ನು ಇಲ್ಲದವರು ಪೂರ್ತಿ ಕೈಯಲ್ಲೇ ಹೊಲಿಯಬಹುದು. ಮಕ್ಕಳಿಗೆ ಕಲಿಸುವುದಾದರೆ ತಿರುವಿ ಹಾಕುವ ಗೋಜು ಬೇಡ. ಅಂಚುಗಳನ್ನು ಒಳಕ್ಕೆ ಮಡಚಿ, ನಡುವೆ ಬಕ್ರಂ ಇಟ್ಟು, ಸುತ್ತಲೂ ಕಾಜಾ ಹೊಲಿಗೆ ಹಾಕಿಸಿ. ಹತ್ತು ವರ್ಷದ ಮಕ್ಕಳಿಗೂ ಬರುತ್ತದೆ, ಗಂಡು ಮಕ್ಕಳಿಗೂ ಬರುತ್ತದೆ!

ಕಸೂತಿ ಬಲ್ಲವರು ಎರಡು ತುಂಡು ಜೋಡಿಸುವ ಮೊದಲೇ ಮೇಲಿನ ತುಂಡಿಗೆ ಒಂದು ಸಣ್ಣ ಗೋಪುರವನ್ನೋ ತೇರನ್ನೋ ಹಾಕಿಕೊಳ್ಳಬಹುದು. ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಇವುಗಳಲ್ಲಿ ಗವಂತಿ ಮತ್ತು ಮುರ್ಗಿ ಬಟ್ಟೆಯ ಎರಡು ಬದಿಯಲ್ಲೂ ಒಂದೇ ತರಹ ಕಾಣುತ್ತವೆ, ಗಂಟೂ ಇರುವುದಿಲ್ಲ. ಒಂಟಿ ಪದರದ ದಪ್ಪ ಬಟ್ಟೆಯಲ್ಲೇ ಪುಟಗುರುತು ಮಾಡುವವರಿಗೆ ಇವೆರಡೇ ಸರಿ. ತಿರುಗಿಸಿದರೂ ಚಂದ.

ಮಣಿ, ಕನ್ನಡಿ, ಚಮಕಿ ಹಾಕುವ ಆಸೆಯನ್ನು ತಡೆದುಕೊಳ್ಳಿ. ದಪ್ಪನೆಯ ವಸ್ತು ನಡುವೆ ಸಿಕ್ಕಿದರೆ ಪುಸ್ತಕದ ಹೊಲಿಗೆ ಸಡಿಲವಾಗುತ್ತದೆ, ಪುಟದ ಮೇಲೆ ಗುಳಿ ಬೀಳುತ್ತದೆ. ಮೈದಾ ಅಂಟೂ ಬೇಡ, ಗಂಜಿಯೂ ಬೇಡ. ಪುಸ್ತಕ ತಿನ್ನುವ ಬೆಳ್ಳಿ ಬಣ್ಣದ ಹುಳುವಿಗೆ ಗಂಜಿ ಅಂದರೆ ಹಬ್ಬದೂಟ.

ಮೂಲೆಯ ಪುಟಗುರುತು

ಪಟ್ಟಿ ಜಾರಿ ಬೀಳುತ್ತದೆ ಎನ್ನುವವರಿಗೆ ಇದು. 3½ ಇಂಚಿನ ಮೂರು ಚೌಕ ಕತ್ತರಿಸಿ. ಒಂದನ್ನು ಮೂಲೆಯಿಂದ ಮೂಲೆಗೆ ಮಡಚಿ ತ್ರಿಕೋನ ಮಾಡಿ ಇಸ್ತ್ರಿ ಒತ್ತಿ. ಎರಡನೆಯ ಚೌಕವನ್ನು ಮುಂಬದಿ ಮೇಲಾಗಿ ಹಾಸಿ, ಅದರ ಒಂದು ಮೂಲೆಗೆ ಸರಿಯಾಗಿ ತ್ರಿಕೋನ ಇಡಿ. ಮೂರನೆಯದನ್ನು ಮುಂಬದಿ ಕೆಳಗಾಗಿ ಮುಚ್ಚಿ. ಸುತ್ತ ಹೊಲಿದು, ತ್ರಿಕೋನವಿಲ್ಲದ ಕಡೆ ಸ್ವಲ್ಪ ಬಾಯಿ ಬಿಟ್ಟು, ತಿರುವಿ ಹಾಕಿ ಮುಚ್ಚಿ. ಪುಟದ ಮೂಲೆಯನ್ನು ಆ ತ್ರಿಕೋನದ ಜೇಬಿಗೆ ತೂರಿಸಿದರಾಯಿತು, ಬೀಳುವ ಮಾತೇ ಇಲ್ಲ.

ಹೊಲಿಯುವುದು ಇಷ್ಟೇ. ಆದರೆ ಈ ಚೂರು ಬಟ್ಟೆ ಬರೀ ಪುಟವನ್ನಷ್ಟೇ ತೋರಿಸುವುದಿಲ್ಲ ಎಂದು ನನಗೆ ತಿಳಿದದ್ದು 2018ರಲ್ಲಿ. ಅದನ್ನು ನಿಮಗೆ ಹೇಳಬೇಕು.

ನಮ್ಮ ಅತ್ತೆ ಓದಿದ್ದು ನಾಲ್ಕನೆಯ ಕ್ಲಾಸು. ಆಗ ಅವರಿಗೆ ಎಪ್ಪತ್ತೊಂದು. ಮನೆಯ ಜವಾಬ್ದಾರಿ ನನ್ನ ಕೈಗೆ ಬಂದ ಮೇಲೆ ಅವರಿಗೆ ಮಧ್ಯಾಹ್ನ ಬಿಡುವು ಸಿಕ್ಕಿತು, ಎ.ಆರ್. ಕೃಷ್ಣಶಾಸ್ತ್ರಿಗಳ 'ವಚನ ಭಾರತ' ಹಿಡಿದರು. ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತ, ದಿನಕ್ಕೆ ಮೂರೋ ನಾಲ್ಕೋ ಪುಟ. ಅವರದೇ ಹಳೆಯ ಹತ್ತಿ ಸೀರೆಯ ಮಾವಿನಕಾಯಿ ಅಂಚಿನಲ್ಲಿ ಒಂದು ಪುಟಗುರುತು ಹೊಲಿದುಕೊಟ್ಟಿದ್ದೆ. ಬೆಳಿಗ್ಗೆ ಕಪಾಟಿನ ಧೂಳು ಹೊಡೆಯುವಾಗ ಆ ಹಸಿರು ಕುಚ್ಚು ಎಷ್ಟು ಮುಂದೆ ಹೋಗಿದೆ ಎಂದು ನೋಡುವುದು ನನಗೊಂದು ಅಭ್ಯಾಸವೇ ಆಗಿತ್ತು.

ಆ ವರ್ಷ ಆಷಾಢದಲ್ಲಿ ಕುಚ್ಚು ನಿಂತಿತು. ಅತ್ತೆ ಎಂದಿನಂತೆ ಮಧ್ಯಾಹ್ನ ಪುಸ್ತಕ ಹಿಡಿದು ಕೂರುತ್ತಿದ್ದರು, ತುಟಿಯೂ ಅಲ್ಲಾಡುತ್ತಿತ್ತು. ಆದರೆ ಪುಟಗುರುತು ಮಾತ್ರ ಇದ್ದಲ್ಲೇ ಇತ್ತು. ಪಾಂಡವರು ಅಜ್ಞಾತವಾಸಕ್ಕೆಂದು ವಿರಾಟನಗರಕ್ಕೆ ಹೊರಟಿದ್ದರು, ಎಂಟು ದಿನವಾದರೂ ಊರು ಸೇರಲಿಲ್ಲ!

"ಪಾಂಡವರು ಬಂದರಾ ಅತ್ತೆ?" ಎಂದೆ.

"ಬರ್ತಾ ಇದಾರೆ ಕಣಮ್ಮ, ಏನವಸರ" ಎಂದರು.

ಒಂಬತ್ತನೆಯ ದಿನ ಪಕ್ಕದಲ್ಲಿ ಕೂತು, ನನಗೂ ಕೇಳುವ ಹಾಗೆ ಓದಿ ಎಂದೆ. ಓದತೊಡಗಿದರು. ಕಥೆ ಸರಿಯಾಗಿಯೇ ಇತ್ತು, ಆದರೆ ಬೆರಳು ಸಾಲಿನ ಮೇಲೆ ಇರಲಿಲ್ಲ. ನಾನು ಮೆಲ್ಲಗೆ ಪುಟದ ಮೇಲೆ ಅಂಗೈ ಇಟ್ಟೆ. ಅತ್ತೆ ಓದುತ್ತಲೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ ನಿಲ್ಲಿಸಿ, "ಯಾಕೋ ಬೆಳಕು ಸಾಲದು ಇವತ್ತು" ಎಂದರು. ಹೊರಗೆ ಬಿಸಿಲು ಸುರಿಯುತ್ತಿತ್ತು.

ಎರಡು ಕಣ್ಣಿಗೂ ಪೊರೆ ಬಂದಿತ್ತು, ಬಲಗಣ್ಣಿನದು ಪೂರ್ತಿ ಬಲಿತಿತ್ತು. ಮೊಮ್ಮಗಳ ಕಾಲೇಜಿನ ಫೀಸು ಕಟ್ಟುವ ತಿಂಗಳು, ಅದರ ಮೇಲೆ ತಮ್ಮದೊಂದು ಖರ್ಚು ಯಾಕೆ ಎಂದು ಬಾಯಿ ಬಿಟ್ಟಿರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆಯೇ ಆಪರೇಷನ್ ಆಯಿತು. ಪೊರೆ ತೆಗೆದು ಒಳಗೆ ಲೆನ್ಸ್ ಇಟ್ಟರು, ಔಷಧಿಯ ಹನಿ ಕೆಲವು ವಾರ ಹಾಕಬೇಕಾಯಿತು, ಕಣ್ಣು ಒಣಗಿದ ಮೇಲೆ ಹೊಸ ಕನ್ನಡಕ ಕೊಟ್ಟರು. ಇನ್ನೊಂದು ಕಣ್ಣಿಗೆ ಮಾರನೆಯ ವರ್ಷ ಮಾಡಿಸಿದೆವು. ಕನ್ನಡಕ ಬಂದ ವಾರದಲ್ಲೇ ಪಾಂಡವರು ವಿರಾಟನಗರ ಸೇರಿದರು, ಕೀಚಕನ ವಧೆಯೂ ಆಯಿತು! ಆ ಸಲ ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಪುಸ್ತಕ ಇಡುವಾಗ ಅತ್ತೆ ತಾವೇ ಪುಟಗುರುತನ್ನು ನೆಟ್ಟಗೆ ಮಾಡಿ, ಕುಚ್ಚು ಬಾಚಿ, ಅದಕ್ಕೂ ಒಂದೆಳೆ ಅಕ್ಷತೆ ಹಾಕಿದರು. ಈಗ ಎರಡನೆಯ ಸಲ ಓದುತ್ತಿದ್ದಾರೆ.

ಅದಕ್ಕೇ ಹೇಳುತ್ತೇನೆ, ಮನೆಯಲ್ಲಿ ಓದುವ ಹಿರಿಯರಿದ್ದರೆ ಅವರಿಗೆ ಒಂದು ಪುಟಗುರುತು ಹೊಲಿದುಕೊಡಿ, ಆಗಾಗ ಅದರ ಕಡೆ ಕಣ್ಣು ಹಾಯಿಸಿ. ವಯಸ್ಸಾದವರು ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳ ಪುಸ್ತಕಗಳನ್ನೂ ನೋಡಿ, ಯಾವ ಪಾಠದಲ್ಲಿ ವಾರಗಟ್ಟಲೆ ಗುರುತು ನಿಂತಿದೆಯೋ ಅಲ್ಲೇ ಮಗುವಿಗೆ ಅರ್ಥವಾಗಿಲ್ಲ ಎಂದು ಲೆಕ್ಕ. ಗದರಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ.

ಇನ್ನು ಕೊಡುವ ವಿಚಾರ. ಅರಿಶಿನ ಕುಂಕುಮಕ್ಕೆ ಕರೆದಾಗ ನಾವು ಕೊಡುವ ರವಿಕೆ ಕಣದ ಕಥೆ ನಿಮಗೆ ಗೊತ್ತೇ ಇದೆ. ನಾನು ನಿಮಗೆ ಕೊಟ್ಟದ್ದನ್ನು ನೀವು ಪಕ್ಕದ ಮನೆಗೆ, ಅವರು ಆಚೆ ಬೀದಿಗೆ, ಕೊನೆಗೆ ಗೌರಿ ಹಬ್ಬದ ಬಾಗಿನದಲ್ಲಿ ಅದೇ ಕಣ ಮಡಿಕೆ ಬಿಚ್ಚದೆ ನಮ್ಮ ಮನೆಗೇ ವಾಪಸ್ಸು! ಹಾಗೆ ಸುತ್ತುವ ಕಣಗಳಲ್ಲಿ ಒಂದನ್ನು ಧೈರ್ಯವಾಗಿ ಕತ್ತರಿಸಿ. ಒಂದು ಕಣದಲ್ಲಿ ಮನೆಗೆ ಬರುವ ಮುತ್ತೈದೆಯರಿಗೆಲ್ಲ ಆಗುವಷ್ಟು ಪುಟಗುರುತು ಆಗುತ್ತವೆ. ಲೈಬ್ರರಿಯ ಪುಸ್ತಕ ತಂದವರು ಮಾತ್ರ ಹಿಂದಿರುಗಿಸುವ ಮುಂಚೆ ಒಳಗೆ ನೋಡಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಸೀರೆಯಂಚು ಇನ್ನೊಬ್ಬರ ಮನೆ ಸೇರುತ್ತದೆ. ಕೊಳೆಯಾದರೆ ತಣ್ಣೀರಿನಲ್ಲಿ ಒಗೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಇಸ್ತ್ರಿ ಮಾಡಿ ಇಡಿ. ತೇವ ಉಳಿದರೆ ಪುಟಕ್ಕೆ ಬೂಷ್ಟು ಹಿಡಿಯುತ್ತದೆ.

ಎಷ್ಟು ಹೊಲಿದರೂ ಯಾರಿಗೆ ಬೇಕಾದರೂ ಕೊಡಿ, ಮೊದಲನೆಯದನ್ನು ಮಾತ್ರ ಕೊಡಬೇಡಿ. ಅದು ನಿಮಗೇ ಇರಲಿ. ನಿಮ್ಮ ಕೈಗೆ ಒಪ್ಪುವ ಒಂದು ಪುಸ್ತಕದೊಳಗೆ ಇಟ್ಟು, ಅಡಿಗೆಮನೆಯಿಂದ ಕಾಣುವ ಜಾಗದಲ್ಲಿ ಇಡಿ. ಎಲ್ಲರ ಪುಟಗುರುತನ್ನೂ ನೋಡುವ ನೀವು ನಿಮ್ಮದನ್ನೂ ನೋಡಿಕೊಳ್ಳಿ. ದಿನಕ್ಕೆ ಒಂದೇ ಪುಟವಾದರೂ ಆ ಕುಚ್ಚು ಮುಂದಕ್ಕೆ ಹೋಗಲಿ. ತಿಂಗಳಾದರೂ ಇದ್ದಲ್ಲೇ ಇದ್ದರೆ, ಆ ಮಧ್ಯಾಹ್ನ ಪಾತ್ರೆ ಸ್ವಲ್ಪ ಹೊತ್ತು ಹಾಗೇ ಇರಲಿ ಬಿಡಿ.